ಮರಿಗಳನ್ನು ಆಚೆ ಬಿಟ್ಟ ಆಷಾಢ

ಚೆನ್ನೈನ ಪೋರೂರಿನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಟಿವಿ ಸ್ಟ್ಯಾಂಡಿನ ಪಕ್ಕ, ಒಂದು ತಿಂಗಳ ಕಾಲ ಕೋಳಿಮರಿಗಳಿದ್ದವು. ನನ್ನನ್ನು ಕೇಳಿ ಯಾರೂ ಅವನ್ನು ತಂದಿರಲಿಲ್ಲ. ನನ್ನ ಅತ್ತೆಯೂ ಹಾಗೆಯೇ ಬಂದವರು. ಮದ್ದೂರಿನಲ್ಲಿ ಕಿರಿಮಗನ ಮನೆಯಲ್ಲಿದ್ದರು. ಅಲ್ಲಿನ ಸೊಸೆಗೂ ಅವರಿಗೂ ಮಾತಿಗೆ ಮಾತು ಬೆಳೆದು, ಮೇ ತಿಂಗಳ ಕೊನೆಯಲ್ಲಿ ಊರಿಗೆ ಹೋದ ನನ್ನ ಗಂಡ ಬರುವಾಗ ತಾಯಿಯನ್ನು ಅವರ ಎರಡು ಬ್ಯಾಗುಗಳ ಸಮೇತ ಕರೆತಂದರು. "ಸ್ವಲ್ಪ ದಿನ ಇರ್ತಾರೆ" ಅಂದರು. ಸ್ವಲ್ಪ ಅಂದರೆ ಎಷ್ಟು ಅಂತ ನಾನು ಕೇಳಲಿಲ್ಲ. ಒಳ್ಳೆಯತನದಿಂದಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ ಎಂಬ ಭಯಕ್ಕೆ.

ಅತ್ತೆ ಸೊಸೆ ಜಗಳದ ಕಥೆ ಹೇಳುತ್ತಾಳೆ ಅಂದುಕೊಳ್ಳಬೇಡಿ. ನಾವು ಜಗಳವಾಡಿದ್ದೇ ಇಲ್ಲ. ಆಡಿದ್ದರೆ ಒಂದು ದಿನ ಕೂಗಾಡಿ, ಅತ್ತು, ಮುಗಿದುಹೋಗುತ್ತಿತ್ತೇನೋ. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ಕೊಡಲು ಬರುವವರ ಜೊತೆ ಹೇಗೆ ಮಾತಾಡುತ್ತೇನೋ ಅತ್ತೆಯ ಜೊತೆಯೂ ಹಾಗೆಯೇ ಮಾತಾಡಿದೆ. ಕೈ ಚಾಚಿ, ಮುಷ್ಟಿ ಹಿಡಿಯಿರಿ, ಹತ್ತಿ ಒತ್ತಿಕೊಳ್ಳಿ. ಆ ದನಿಯಲ್ಲಿ ಯಾರೂ ತಪ್ಪು ಹುಡುಕಲಾರರು. ಪ್ರೀತಿಯನ್ನೂ ಹುಡುಕಲಾರರು.

ನಮಗೆ ಒಬ್ಬಳೇ ಮಗಳು. ಆಗ ಎಂಟನೇ ಕ್ಲಾಸು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಚೆನ್ನೈನಲ್ಲೇ. ನಾನು ಮೈಸೂರಿನವಳು. ಮನೆಯೊಳಗೆ ಕನ್ನಡವೇ ಇರಬೇಕು ಅಂತ ಹದಿಮೂರು ವರ್ಷ ಗಂಟಲು ಹರಿದುಕೊಂಡಿದ್ದೆ. ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತಿತ್ತು. ಅನ್ನ ಹಾಕಲಾ ಅಂದರೆ "ವೇಣಾಂ", ಬೇಡ ಅಂತ. ಹೋಂವರ್ಕ್ ಮುಗೀತಾ ಅಂದರೆ "ಆಚ್ಚು". ತಮಿಳಿನ ಆಚ್ಚು ಅಂದರೆ ನಮ್ಮ ಆಯ್ತು. ಸ್ನಾನ ಆಯ್ತಾ, ಆಚ್ಚು. ಬ್ಯಾಗು ಜೋಡಿಸಿದೆಯಾ, ಆಚ್ಚು. ದಿನಕ್ಕೆ ಇಪ್ಪತ್ತು ಸಲ ಆ ಮಾತು ನಮ್ಮ ಮನೆಯಲ್ಲಿ ಬೀಳುತ್ತಿತ್ತು. ಬೈದು ಬೈದು ನಾನೂ ಸೋತಿದ್ದೆ.

ಅತ್ತೆಗೆ ತಮಿಳು ಒಂದಕ್ಷರ ಬಾರದು. ಅವರು ಕನ್ನಡದಲ್ಲಿ ಕೇಳುವುದು, ಇವಳು ತಮಿಳಿನಲ್ಲಿ ಹೇಳುವುದು, ಅವರು ನನ್ನ ಕಡೆ ತಿರುಗಿ "ಏನಂತು ಮಗು?" ಅನ್ನುವುದು. ಮೊದಲ ವಾರ ಹೇಳಿದೆ. ಎರಡನೇ ವಾರ ಒಂದು ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಅತ್ತೆ, ನಾನು ಭಾಷಾಂತರದ ಅಂಗಡಿ ಇಟ್ಟಿಲ್ಲ. ಅವಳನ್ನೇ ಕೇಳಿ" ಅಂದೆ. ಆಮೇಲೆ ಅವರು ನನ್ನನ್ನು ಕೇಳಲಿಲ್ಲ.

ನಾವಿದ್ದದ್ದು ಮೊದಲ ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ, ಮೇಲೆ ಬಯಲು ತಾರಸಿ. ಅತ್ತೆಗೆ ಮಂಡಿನೋವು. ಬಂದ ದಿನ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದವರು ಮತ್ತೆ ಕೆಳಗೆ ಇಳಿದಿರಲಿಲ್ಲ. ಹಾಲ್‌ನಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬಸ್ಸು ಕಾಯುವವರ ಹಾಗೆ, ತುದಿಯಲ್ಲಿ ಕೂತಿರುತ್ತಿದ್ದರು. ಒಂದು ರಾತ್ರಿ ಊಟದ ಹೊತ್ತಿಗೆ ನನ್ನ ಗಂಡ ತಟ್ಟೆ ನೋಡಿಕೊಂಡೇ "ಅಮ್ಮ ಇನ್ನು ಇಲ್ಲೇ ಇರಲಿ ಅಂತ" ಅಂದರು. ನಾನು "ನೋಡೋಣ" ಅಂದೆ. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು. ಅವರು ಇರುವುದೋ ಹೋಗುವುದೋ ನನ್ನ ನಾಲಗೆಯ ಮೇಲೆ ನಿಂತಿದೆ ಅಂತ ಅವತ್ತಿನಿಂದ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಅಧಿಕಾರ ನನಗೆ ಹಿತವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಿತವಾಗಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಂದು ಸಂಜೆ ಮಗಳು ಊಟದ ಬ್ಯಾಗಿನೊಳಗೆ ಆರು ಮರಿಗಳನ್ನು ತುಂಬಿಕೊಂಡು ಬಂದಳು. ಶಾಲೆಯ ಗೇಟಿನ ಹತ್ತಿರ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಮಾರುತ್ತಾರಲ್ಲ, ಬಣ್ಣ ಹಾಕಿದ ಮರಿಗಳು. ಮೂರು ಗುಲಾಬಿ, ಎರಡು ಹಸಿರು, ಒಂದು ಕಿತ್ತಳೆ. "ನಾಳೆ ಬೆಳಿಗ್ಗೆ ವಾಪಸ್ ಕೊಟ್ಟು ಬಾ" ಅಂತ ನಾನು ಅಡುಗೆಮನೆಯಿಂದಲೇ ಕೂಗಿದೆ. ಅಷ್ಟರಲ್ಲಿ ಕುರ್ಚಿಯ ತುದಿಯಲ್ಲಿದ್ದ ಅತ್ತೆ ಎದ್ದಿದ್ದರು.

"ಅಯ್ಯೋ ಅವ್ರ್ ಮನೆ ಹಾಳಾಗ! ಮರಿಗೋಗಿ ಓಕುಳಿ ಎರಚವ್ರಲ್ಲ! ಬಾ ಮಗ, ಇಲ್ಲಿ ಮಡಗು, ಇಲ್ಲಿ ಮಡಗು."

ಮೂರು ವಾರದಲ್ಲಿ ಅವರ ಆ ದನಿಯನ್ನು ನಾನು ಕೇಳಿರಲಿಲ್ಲ. ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆ ಚಿಕ್ಕದಾಯಿತು ಅಂತ ಓವನ್ನಿನದನ್ನೇ ಮಂಚದ ಕೆಳಗಿನಿಂದ ಎಳೆಸಿದರು. ತಳಕ್ಕೆ ಪೇಪರ್ ಹಾಸಿ, ಊರಿನಿಂದ ತಂದಿದ್ದ ರಾಗಿಯನ್ನು ಒಂದು ಹಿಡಿ ಚೆಲ್ಲಿ, ತಟ್ಟೆಯ ನೀರಿಗೆ ಮರಿ ಬಿದ್ದು ಮುಳುಗದಿರಲೆಂದು ಕಲ್ಲು ಹಾಕಿಸಿದರು. ಮರಿಗಳಿಗೆ ಕಾವು ಬೇಕು, ಹಳೇ ಗುಂಡು ಬಲ್ಬೇ ಬೇಕು ಅಂತ ಮಗನನ್ನು ಅಂಗಡಿಗೆ ಅಟ್ಟಿದರು. ಈಗ ಆ ಬಲ್ಬು ಎಲ್ಲಿ ಸಿಗುತ್ತದೆ? ನನ್ನ ಗಂಡ ಮೂರು ಅಂಗಡಿ ಅಲೆದು ತಂದರು. ನನಗೆ ಒಂದು ನಿಂಬೆಹಣ್ಣು ತನ್ನಿ ಅಂದರೆ ಮರೆತು ಬರುವ ಮನುಷ್ಯ.

ಅತ್ತೆ ಮದ್ದೂರಿನ ಲೆಕ್ಕದಲ್ಲಿ ಬಲ್ಬನ್ನು ತೀರ ಕೆಳಗೆ ಇಳಿಬಿಟ್ಟರು. ಅರ್ಧ ಗಂಟೆಗೆ ಆರೂ ಮರಿಗಳು ಕೊಕ್ಕು ತೆರೆದುಕೊಂಡು, ರೆಕ್ಕೆ ಇಳಿಬಿಟ್ಟುಕೊಂಡು, ಪೆಟ್ಟಿಗೆಯ ಮೂಲೆಗೆ ಅಂಟಿ ಏದುಸಿರು ಬಿಡುತ್ತಿದ್ದವು. ಅತ್ತೆ ಬಲ್ಬು ಆರಿಸಿ ನಕ್ಕರು. "ಈ ಊರೇ ಒಂದ್ ದೊಡ್ ಬಲ್ಬು ಕಣವ್ವ, ನಂಗ್ ಹೊಳೀನೇ ಇಲ್ಲ." ಅಂದಿನಿಂದ ಎಸಿ ಹಾಕಿದಾಗ ಮಾತ್ರ ಬಲ್ಬು. ಬಲ್ಬಿನ ಕೆಳಗೆ ಮರಿಗಳು ಗುಂಪುಗೂಡಿದರೆ ಚಳಿ, ದೂರ ಓಡಿದರೆ ಶೆಕೆ, ಎಲ್ಲೆಂದರಲ್ಲಿ ಕಾಲು ಚಾಚಿ ಬಿದ್ದುಕೊಂಡಿದ್ದರೆ ಸುಖ ಅಂತ ಮೊಮ್ಮಗಳಿಗೆ ಹೇಳಿಕೊಟ್ಟರು. ಮೂರನೇ ದಿನ ಒಂದು ಹಸಿರು ಮರಿ ಸತ್ತಿತು. ಮಗಳು ಅತ್ತಳು. ಅತ್ತೆ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಏನೇನೋ ಹೇಳಿದರು. ಅವಳು ತಮಿಳಿನಲ್ಲಿ ಏನೋ ಕೇಳಿದಳು. ಅವರು ಅರ್ಥವಾದವರಂತೆ ಉತ್ತರ ಕೊಟ್ಟರು.

ಹೀಗೆ ಆ ಪೆಟ್ಟಿಗೆಯ ಮುಂದೆ ಇಬ್ಬರೂ ಒಂದು ಭಾಷೆ ಮಾಡಿಕೊಂಡರು. ಅವರ ಗೂಡು, ಇವಳ ಕೂಡು. ಇವಳು "ತಣ್ಣಿ" ಅಂದರೆ ಅವರು ನೀರಿನ ತಟ್ಟೆ ಎತ್ತಿ ಕೊಡುತ್ತಿದ್ದರು. ಅವರು "ಮಡಗು" ಅಂದರೆ ಇವಳು ಇಡುತ್ತಿದ್ದಳು. ಒಂದು ದಿನ ಮಗಳು "ಅಜ್ಜಿ, ಇದು ಹುಂಜನಾ ಹೇಂಟೆನಾ?" ಅಂತ ಕೇಳಿದ್ದು ಕಿವಿಗೆ ಬಿತ್ತು. ನಾನು ಒಗ್ಗರಣೆ ಹಾಕುತ್ತಿದ್ದೆ. ಹದಿಮೂರು ವರ್ಷ ನಾನು ಬೇಡಿದರೂ ಬಾಯಿಂದ ಹೊರಡದ ಕನ್ನಡ, ಕೋಳಿಯ ಹಿಕ್ಕೆ ಬಳಿಯುತ್ತ ಕೂತವರಿಗೆ ಧಾರಾಳವಾಗಿ ಸಿಗುತ್ತಿತ್ತು. ಹೊಟ್ಟೆಕಿಚ್ಚು ಅನ್ನುವುದು ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ. ಸಾಸಿವೆ ಸೀದುಹೋಯಿತು.

ಕೆಳಗಿನ ಮನೆಯೊಡತಿ ಮರಿಗಳ ಸದ್ದು ಕೇಳಿ ಒಂದು ಬೆಳಿಗ್ಗೆ ಮೇಲೆ ಬಂದರು. ಮೂಗು ಮುಚ್ಚಿಕೊಂಡರು, ಆದರೂ ಒಳ್ಳೆಯ ಮಾತಿನಲ್ಲೇ ಅತ್ತೆಗೆ "ಮೊಟ್ಟೈ ಮಾಡೀಲ ವೆಚ್ಚುಕೋಂಗಮ್ಮಾ" ಅಂದರು. ಬಯಲು ತಾರಸಿಗೆ ತಮಿಳಿನಲ್ಲಿ ಮೊಟ್ಟೈ ಮಾಡಿ ಅನ್ನುತ್ತಾರೆ, ಅಲ್ಲಿಟ್ಟುಕೊಳ್ಳಿ ಅಂತ ಅವರ ಮಾತು. ಅತ್ತೆ ಗಾಬರಿಯಾಗಿ, "ಮೊಟ್ಟೆ ಮಾಡಾಕೆ ಇನ್ನೂ ಆರ್ ತಿಂಗ್ಳು ಬೇಕು ಕಣ್ರವ್ವ, ಇವು ಈಗಿನ್ನೂ ಮರಿ" ಅಂದರು. ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆಗೆ ವಿಷಯ ತಿಳಿದ ಮೇಲೆ ಅವರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮನೆಯೊಡತಿ ಕೂಡ ನಕ್ಕು ಹೋದರು. ನಗು ನನಗೂ ಬಂದಿತ್ತು, ತಡೆದುಕೊಂಡೆ.

ಮೂರು ವಾರಕ್ಕೆ ಬಣ್ಣ ಉದುರಿ ಬಿಳಿ ಪುಕ್ಕ ಇಣುಕತೊಡಗಿತು. ಮರಿಗಳು ಪೆಟ್ಟಿಗೆಯ ಅಂಚಿಗೆ ಹಾರಿ ಕೂರುತ್ತಿದ್ದವು. ಹಾಲ್‌ನ ತುಂಬ ಪುಡಿ, ಪುಕ್ಕ, ವಾಸನೆ. ಫ್ಯಾನಿನ ರೆಕ್ಕೆಯ ಮೇಲೆ ಧೂಳಿನ ಪದರ. ಲ್ಯಾಬಿನ ಸಹೋದ್ಯೋಗಿಯೊಬ್ಬಳು ಮನೆಗೆ ಬಂದವಳು ಕಾಫಿ ಲೋಟವನ್ನು ಅರ್ಧದಲ್ಲೇ ಇಟ್ಟು ಹೋದಳು. ಅವತ್ತು ನಾನು ಹೇಳಿದೆ: "ಅತ್ತೆ, ಈ ಭಾನುವಾರದೊಳಗೆ ಇವೆಲ್ಲ ಆಚೆ ಹೋಗಬೇಕು."

ಅತ್ತೆ ಒಂದು ಮರಿಯನ್ನು ಎತ್ತಿ, ರೆಕ್ಕೆ ಬಿಡಿಸಿ, ಅದರ ಅಡಿಯನ್ನು ನನಗೆ ತೋರಿಸಿದರು. ಅಲ್ಲಿ ಬರೀ ಗುಲಾಬಿ ಚರ್ಮ.

"ಕಂಕುಳಲ್ಲಿ ಇನ್ನೂ ಪುಕ್ಕ ಬಂದಿಲ್ಲ ನೋಡವ್ವ. ಇಲ್ಲಿಗ್ ಮಳೆ ನೀರ್ ಬಿತ್ತು ಅಂದ್ರೆ ಥಂಡಿ ಹಿಡ್ದು ಒಂದೇ ದಿನಕ್ಕೆ ಸತ್ತೋಯ್ತವೆ. ಇನ್ನೊಂದ್ ಹತ್ತ್ ದಿನ ಕೊಡು. ಆಮೇಲೂವೆ ಒಂದೇ ಸಲಕ್ಕೆ ಆಚೆ ಬಿಡಬಾರ್ದು. ಮೊದಲ್ನೇ ದಿನ ಅರ್ಧ ಗಂಟೆ, ಮಾರ್ನೇ ದಿನ ಒಂದ್ ಗಂಟೆ, ಅಂಗೆ ಗಾಳಿ ಬಿಸ್ಲು ರೂಢಿ ಮಾಡ್ಸಬೇಕು."

"ಹತ್ತು ದಿನ ಆಗಲ್ಲ."

ಅವರು ಮರಿಯನ್ನು ಕೆಳಗಿಟ್ಟರು. "ವಾಸ್ನೆ ನಿನ್ಗೆ ಕಷ್ಟ ಆಯ್ತದೆ, ನಂಗ್ ಗೊತ್ತು. ಇವು ಆಚೆ ಹೋದ್ರೆ ಆಮೇಲ್ ನಿನ್ಗೇನೂ ತೊಂದ್ರೆ ಇರಾಕಿಲ್ಲ, ಅಲ್ವಾ?"

ಅವರು ಕೇಳುತ್ತಿದ್ದದ್ದು ಮರಿಗಳ ವಿಷಯ ಅಲ್ಲ. ಅಷ್ಟು ಅರ್ಥಮಾಡಿಕೊಳ್ಳದ ದಡ್ಡಿ ನಾನಲ್ಲ. ಇರಿ ಅತ್ತೆ, ಎಲ್ಲಿಗೂ ಹೋಗಬೇಡಿ ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಒಗೆಯುವ ಬಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅಷ್ಟರಲ್ಲಿ ಆಷಾಢ ಶುರುವಾಗಿತ್ತು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅನ್ನುತ್ತಾರೆ ನಮ್ಮ ಕಡೆ. ಹೊಸದಾಗಿ ಮದುವೆಯಾದವರಿಗೆ ಹೇಳುವ ಮಾತು ಅದು. ನಾನು ಗಂಡನ ಹತ್ತಿರ "ಹದಿನಾರು ವರ್ಷ ಆದ ಮೇಲೂ ಆ ಶಾಸ್ತ್ರ ಇದ್ದಿದ್ದರೆ ಚೆನ್ನಾಗಿತ್ತು" ಅಂದೆ. ತಮಾಷೆಗೆ ಅಂದದ್ದು ಅಂತ ಅವರು ನಕ್ಕರು.

ಭಾನುವಾರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಹಳೇ ಕೂಲರಿನ ಕಬ್ಬಿಣದ ಸ್ಟ್ಯಾಂಡಿಗೆ ಜಾಲರಿ ಸುತ್ತಿ ಗೂಡು ಮಾಡಿದರು. ಕಟ್ಟಿದ್ದು ಅಪ್ಪ, ಮಗಳು. ಅತ್ತೆ ಮೆಟ್ಟಿಲ ಕೆಳಗೆ ನಿಂತು, ಕಾಗೆ ಕೊಕ್ಕು ತೂರದ ಹಾಗೆ ಕಟ್ಟಿ, ಬೆಕ್ಕಿನ ಕೈ ಹೋಗದ ಹಾಗೆ ಕಟ್ಟಿ ಅಂತ ಕೂಗಿ ಹೇಳುತ್ತಿದ್ದರು. ಅವರು ಹೇಳಿದಂತೆ ಮೊದಲ ದಿನ ಅರ್ಧ ಗಂಟೆ ಬಿಟ್ಟರು. ಪೆಟ್ಟಿಗೆ ಖಾಲಿಯಾದ ತಕ್ಷಣ ನಾನು ಹಾಲ್ ಪೂರ್ತಿ ಫಿನಾಯಿಲ್ ಹಾಕಿ ಎರಡು ಸಲ ತೊಳೆದು, "ಇನ್ನು ಒಂದು ಮರಿಯೂ ಈ ಹಾಲ್‌ಗೆ ಕಾಲಿಡಕೂಡದು" ಅಂದೆ. ಮಗಳು "ನೈಟ್ ಎಂಗೆ ವೆಕ್ಕರ್ದು?" ಅಂದಳು, ರಾತ್ರಿ ಎಲ್ಲಿಡುವುದು ಅಂತ. "ಎಲ್ಲಾದರೂ ಇಡು. ಇಲ್ಲಿ ಬೇಡ." ಕೊನೆಗೆ ಮೆಟ್ಟಿಲ ಮೇಲ್ತುದಿಯಲ್ಲಿ, ತಾರಸಿಯ ಬಾಗಿಲಿನ ಒಳಮಗ್ಗುಲಲ್ಲಿ ಒಂದು ಮಂಚದಷ್ಟು ಜಾಗ ಇತ್ತು, ಅಲ್ಲಿಗೆ ಪೆಟ್ಟಿಗೆ ಹೋಯಿತು.

ಅಂದಿನಿಂದ ಅತ್ತೆಗೆ ಮರಿಗಳು ಕಾಣದಾದವು. ಹತ್ತಲು ಮಂಡಿ ಬಿಡುತ್ತಿರಲಿಲ್ಲ. ಮೊಮ್ಮಗಳು ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ ಹತ್ತಿ ಇಳಿದು ವರದಿ ಒಪ್ಪಿಸಬೇಕು. ಅವರು ಕೆಳಗಿನಿಂದ ಕೂಗುವುದು, ಇವಳು ಮೇಲಿನಿಂದ ಕೂಗುವುದು. ಮೂರು ದಿನ ಸರಿಯಾಗಿಯೇ ನಡೆಯಿತು.

ನಾಲ್ಕನೆಯ ದಿನ ಬುಧವಾರ. ಅದು ಚೆನ್ನೈನ ಆ ಕಾಲದ ಮಳೆ. ಹಗಲೆಲ್ಲ ಹೆಂಚು ಕಾದ ಹಾಗೆ ಕಾದು, ಸಂಜೆ ನಾಲ್ಕೂವರೆಗೆ ಪಶ್ಚಿಮದಲ್ಲಿ ಕಪ್ಪಿಟ್ಟು, ಐದಕ್ಕೆ ಒಮ್ಮೆಲೇ ಸುರಿಯುತ್ತದೆ. ಮಗಳು ಶಾಲೆಯಿಂದ ಬಂದು ಮರಿಗಳನ್ನು ಗೂಡಿಗೆ ಬಿಟ್ಟಿದ್ದವಳು ಮೋಡ ನೋಡಿ ಮೇಲೆ ಓಡಿದಳು. ಐದೂ ಮರಿಗಳನ್ನು ಗೂಡಿನಿಂದ ಹಿಡಿದು ಪೆಟ್ಟಿಗೆಗೆ ಹಾಕಿದಳು. ಜೋರು ಮಳೆ ಬಂದರೆ ತಾರಸಿಯ ಬಾಗಿಲ ಸಂದಿಯಿಂದ ನೀರು ಒಳಗೆ ಬರುತ್ತದೆ ಅಂತ ಅವಳಿಗೆ ಗೊತ್ತು. ಅದಕ್ಕೆ ಪೆಟ್ಟಿಗೆಯನ್ನು ಕೆಳಗೆ ತಂದಳು. ಹಾಲ್‌ನಲ್ಲಿ ಇಡುವಂತಿಲ್ಲ. ಅಡುಗೆಮನೆಯ ಹಿಂದೆ ವಾಷಿಂಗ್ ಮೆಷಿನ್ ಇರುವ ಚಿಕ್ಕ ಬಾಲ್ಕನಿಯಲ್ಲಿಟ್ಟು, ಬೆಕ್ಕು ಬಾರದ ಹಾಗೆ ಬಾಗಿಲು ಮುಚ್ಚಿದಳು. ಒಬ್ಬ ದೊಡ್ಡವಳು ಮಾಡಬಹುದಾದ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದಳು. ಟ್ಯೂಷನ್ನಿಗೆ ಹೊತ್ತಾಗಿತ್ತು, ಚೀಲ ಎತ್ತಿಕೊಂಡು ಬಾಗಿಲಿಗೆ ಓಡಿದಳು.

ಅತ್ತೆ ಕೋಣೆಯಲ್ಲಿ ಮಲಗಿದ್ದವರು ಆ ಸದ್ದಿಗೆ ಎದ್ದು ಕೂತು ಕೇಳಿದರು: "ಮರಿ ಎಲ್ಲ್ ಮಡಗ್ದೆ ಮಗ?"

"ಆಚ್ಚು ಪಾಟಿ!"

ಬಾಗಿಲು ಹಾಕಿಕೊಂಡಿತು. ಅವಳು ಹೇಳಿದ್ದು ಆಯ್ತು ಅಜ್ಜಿ ಅಂತ. ಅವರು ಕೇಳಿಸಿಕೊಂಡದ್ದು ಆಚೆ ಅಂತ.

ಮಳೆ ಬಂತು. ಆ ಸದ್ದಿನಲ್ಲಿ ಬಾಲ್ಕನಿಯ ಚಿಂವ್ ಚಿಂವ್ ಅವರಿಗೆ ಕೇಳಿಸಿರಲಿಕ್ಕಿಲ್ಲ. ಮರಿ ಆಚೆ ಇದ್ದಾವೆ, ಕಂಕುಳಲ್ಲಿ ಪುಕ್ಕ ಇಲ್ಲ. ಅವರು ಎಷ್ಟು ಹೊತ್ತು ಕಿಟಕಿಯಲ್ಲಿ ನಿಂತು ಯೋಚಿಸಿದರೋ ತಿಳಿಯದು. ಫೋನು ಮಾಡಲು ಅವರಿಗೆ ಬರುತ್ತಿರಲಿಲ್ಲ, ಕಲಿಸುವ ವ್ಯವಧಾನ ನನಗಿರಲಿಲ್ಲ. ಹದಿನೆಂಟು ಮೆಟ್ಟಿಲು ಹತ್ತಿದರು. ಮೇಲ್ತುದಿಯಲ್ಲಿ ಪೆಟ್ಟಿಗೆಯೇ ಇಲ್ಲ. ಹಾಗಾದರೆ ಗೂಡಿನಲ್ಲೇ ಇರಬೇಕು ಅಂತ ಬಾಗಿಲು ತೆಗೆದು ಮಳೆಗೆ ಇಳಿದರು.

ನಾನು ಮನೆಗೆ ಬಂದಾಗ ಆರೂ ಕಾಲು. ಮಳೆ ಹನಿಯುತ್ತಿತ್ತು. ಊಟದ ಡಬ್ಬಿ ಇಡಲು ಅಡುಗೆಮನೆಗೆ ಹೋದರೆ ಬಾಲ್ಕನಿಯ ಬಾಗಿಲ ಹಿಂದೆ ಮರಿಗಳ ಚಿಂವ್ ಚಿಂವ್. ಇಲ್ಲಿಗೂ ತಂದಿಟ್ಟಿದ್ದಾರಾ ಅಂತ ಪಿತ್ತ ನೆತ್ತಿಗೇರಿತು. "ಅತ್ತೆ" ಅಂತ ಕೂಗಿದೆ. ಕೋಣೆಯಲ್ಲಿ ಇಲ್ಲ. ಬಚ್ಚಲಲ್ಲಿ ಇಲ್ಲ. ಹೊರಗಿನ ಮೆಟ್ಟಿಲ ಮೇಲೆ ನೀರು ಇಳಿದು ಬರುತ್ತಿತ್ತು, ತಾರಸಿಯ ಬಾಗಿಲು ತೆರೆದಿತ್ತು.

ಗೂಡಿನ ಮುಂದೆ ನೆಲದ ಮೇಲೆ ಬಿದ್ದಿದ್ದರು. ಒಂದು ಕೈ ಜಾಲರಿ ಹಿಡಿದುಕೊಂಡಿತ್ತು. ಸೀರೆ, ಕೂದಲು, ಎಲ್ಲ ತೊಯ್ದು ಮೈಗೆ ಅಂಟಿತ್ತು. ಬಲಗಾಲು ನೋಡಬಾರದ ಹಾಗೆ ಹೊರಳಿತ್ತು. ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು, ನನಗೆ ನೋಡಿದ ಕೂಡಲೇ ತಿಳಿಯಿತು. ಆದರೂ ನನ್ನ ಬಾಯಿಂದ ಮೊದಲು ಬಂದ ಮಾತು ಇದು:

"ನಿಮಗೆ ಯಾರು ಹೇಳಿದ್ರು ಮೇಲೆ ಹತ್ತೋಕೆ?"

ಅವರು ನನ್ನ ಮುಖ ನೋಡಲಿಲ್ಲ, ಗೂಡು ನೋಡುತ್ತಿದ್ದರು. "ಮಗು ಆಚೆ ಅಂತು ಕಣವ್ವ. ಮಳೆ ಬಂತು. ಬಂದು ನೋಡಿದ್ರೆ ಒಂದೂ ಇಲ್ಲ. ಯಾವ್ದೋ ಎತ್ಕೊಂಡ್ ಹೋಗದೆ, ಐದ್ನೂವೆ. ಮಗೀಗ್ ಏನ್ ಹೇಳ್ಲಿ ನಾನು? ಬೈಬೇಡ ಕಣವ್ವ."

ಮರಿಗಳು ಕೆಳಗೆ ಬೆಚ್ಚಗಿದ್ದವು. ಅದನ್ನು ಅವರಿಗೆ ಹೇಳಿದೆನೋ ಇಲ್ಲವೋ, ಈಗಲೂ ನೆನಪಾಗುವುದಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದ್ದು ನೆನಪಿದೆ, ವಿಳಾಸವನ್ನು ಎರಡು ಸಲ ಸ್ಪಷ್ಟವಾಗಿ ಹೇಳಿದ್ದು ನೆನಪಿದೆ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳು ಟ್ಯೂಷನ್ ಚೀಲದ ಜೊತೆಯೇ ಬಂದು ನಿಂತು ಅಳುತ್ತಿದ್ದಳು. "ನಾ ಆಚ್ಚುನ್ನು ದಾನ್ ಸೊನ್ನೇನ್, ಆಚ್ಚುನ್ನು ದಾನ್", ನಾನು ಆಯ್ತು ಅಂತಲೇ ಅಂದದ್ದು ಅಂತ ಅದನ್ನೇ ಹೇಳುತ್ತಿದ್ದಳು. ಆಗ ನನಗೆ ಎರಡು ಮಾತೂ ಕೂಡಿ ಅರ್ಥವಾದವು. ಅವಳ ಅಪ್ಪ ಅವಳ ಭುಜದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು. ನಾನೂ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಹದಿಮೂರು ವರ್ಷದಿಂದ ಬಡ್ಕೊಂಡೆ, ಮನೇಲಿ ಕನ್ನಡ ಮಾತಾಡು ಅಂತ. ಆ ಒಂದು ಮಾತನ್ನ ಕನ್ನಡದಲ್ಲಿ ಹೇಳಿದ್ರೆ ಅಜ್ಜಿ ಬೀಳ್ತಾನೇ ಇರಲಿಲ್ಲ."

ಅವಳ ಅಳು ಅಲ್ಲಿಗೇ ನಿಂತಿತು. ಮಾತು ಆಡಿದರೆ ಹೋಯಿತು ಅಂತ ಗಾದೆ ಹೇಳಿಕೊಟ್ಟು ಬೆಳೆಸಿದವಳು ನಾನೇ. ಅವಳಿಗೆ ನಾನು ಅಂದದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಕ್ಷಮೆ ಕೇಳಿ ಹಗುರಾಗುತ್ತಿದ್ದೆ.

ಆಪರೇಷನ್ ಆಯಿತು. ಮದ್ದೂರಿನಿಂದ ಮೈದುನ ಬಂದ. ಅವನಿಗೂ ಮನಸ್ಸು ಚುಚ್ಚುತ್ತಿತ್ತೇನೋ, "ನಿಮ್ಮನೆ ಮೆಟ್ಲು ಅತ್ತಿಗೆ, ಅವ್ವಂಗೆ ಇನ್ ಆಗಾಕಿಲ್ಲ. ನಮ್ದು ನೆಲದ್ ಮನೆ, ನಾನೇ ಕರ್ಕೊಂಡ್ ಹೋಯ್ತೀನಿ" ಅಂದ. ನನ್ನ ಗಂಡ ನನ್ನನ್ನು ನೋಡಿದರು. ಬೇರೆ ಮನೆ ನೋಡೋಣ, ಕೆಳಮನೆ ನೋಡೋಣ ಅಂತ ನಾನು ಹೇಳುವುದನ್ನು ಅವರು ಕಾಯುತ್ತಿದ್ದರು. ಪೋರೂರಿನಲ್ಲಿ ಕೆಳಮನೆಗಳಿಗೇನು ಬರವೇ. "ಅವರಿಗೆ ಅಲ್ಲೇ ಅನುಕೂಲ" ಅಂದೆ. ಎಷ್ಟು ಸರಿಯಾದ ಮಾತು ನೋಡಿ. ಯಾರೂ ನನ್ನ ಮೇಲೆ ಬೆರಳು ತೋರಿಸುವಂತಿರಲಿಲ್ಲ.

ಹೊರಡುವ ದಿನ ಆಸ್ಪತ್ರೆಯಿಂದಲೇ ನೇರ ಕಾರು. ಮಗಳು ಮನೆಯಿಂದ ಒಂದು ಮರಿಯನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ತಂದಿದ್ದಳು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದ ಅತ್ತೆ ಅದನ್ನು ತೆಗೆದುಕೊಂಡು ರೆಕ್ಕೆ ಬಿಡಿಸಿ ನೋಡಿದರು. "ಈಗ ಬಂದದೆ ನೋಡು ಪುಕ್ಕ" ಅಂದರು ಮೊಮ್ಮಗಳಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಹೋಗಿ ಬತ್ತೀನಿ ಕಣವ್ವ."

ಹೀಗೆ ಹೇಳಿದವರಿಗೆ ಹೋಗಿ ಬನ್ನಿ ಅನ್ನಬೇಕು. ಮನೆಗೆ ಬಂದ ಗ್ಯಾಸಿನವನಿಗೂ ಅನ್ನುತ್ತೇವೆ. ನಾನು "ಆಯ್ತು ಅತ್ತೆ" ಅಂದೆ.

ಐದು ಮರಿಗಳೂ ಹುಂಜಗಳಾದವು. ಬಣ್ಣ ಹಾಕಿ ಬೀದಿಯಲ್ಲಿ ಮಾರುವುದು ಬರೀ ಗಂಡುಗಳನ್ನಂತೆ, ಮೊಟ್ಟೆಯ ಫಾರಂಗಳಿಗೆ ಬೇಡವಾದವನ್ನು. ನಸುಕಿನಲ್ಲೇ ಐದೂ ಕೂಗತೊಡಗಿದಾಗ ಮನೆಯೊಡತಿ ಈ ಸಲ ನಗಲಿಲ್ಲ. ಮಾಧವರಂನಲ್ಲಿ ಹಿತ್ತಿಲಿರುವ ಆಫೀಸಿನವರೊಬ್ಬರಿಗೆ ನನ್ನ ಗಂಡ ಕೊಟ್ಟುಬಂದರು. ಮಗಳು ಯಾಕೆ ಅಂತಲೂ ಕೇಳಲಿಲ್ಲ, ಎಲ್ಲಿಗೆ ಅಂತಲೂ ಕೇಳಲಿಲ್ಲ.

ಆದರೆ ಅವಳು ಕನ್ನಡ ಮಾತಾಡತೊಡಗಿದಳು. ಆಸ್ಪತ್ರೆಯ ಆ ಸಂಜೆಯ ನಂತರ ನನ್ನ ಹತ್ತಿರ ಒಂದು ತಮಿಳು ಮಾತೂ ಆಡಿಲ್ಲ. "ಊಟ ಆಯಿತು ಅಮ್ಮ." "ನಾನು ಹೊರಡುತ್ತೇನೆ ಅಮ್ಮ." ಪಠ್ಯಪುಸ್ತಕದಿಂದ ತೆಗೆದ ಹಾಗೆ ಪೂರ್ತಿ ಪೂರ್ತಿ ವಾಕ್ಯ, ಒಂದಕ್ಷರ ಹೆಚ್ಚಿಲ್ಲ. ಅಪ್ಪನ ಹತ್ತಿರ ಮೊದಲಿನ ಹಾಗೆ ತಮಿಳಿನಲ್ಲಿ ನಗುತ್ತಾಳೆ, ಜಗಳವಾಡುತ್ತಾಳೆ. ನಾನು ಕೋಣೆಗೆ ಕಾಲಿಟ್ಟ ಕೂಡಲೇ ಕನ್ನಡ. ಬೇಡಿದ್ದು ಸಿಕ್ಕಿದೆ, ಇನ್ನೇನು ಬೇಕು ಅಂತ ನನ್ನನ್ನೇ ಬೈದುಕೊಂಡಿದ್ದೇನೆ. ಭಾನುವಾರ ಅಜ್ಜಿಗೆ ಫೋನು ಮಾಡಿದಾಗ ಮಾತ್ರ ಬೇರೆಯೇ ಕನ್ನಡ, ಐತೆ, ಮಡಗು, ಕಣಜ್ಜಿ ಅನ್ನುವ ಕನ್ನಡ. ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅತ್ತೆ ಮತ್ತೆ ನಡೆಯಲಿಲ್ಲ. ಒಂದೂವರೆ ವರ್ಷ ಹಾಸಿಗೆಯಲ್ಲೇ ಇದ್ದು ಹೋದರು. ಅಷ್ಟರಲ್ಲಿ ನಾನು ಎರಡು ಸಲ ಹೋಗಿ ನೋಡಿ, ಹಣ್ಣು ಕೊಟ್ಟು, ಸಂಜೆಯ ರೈಲಿಗೆ ವಾಪಸಾಗಿದ್ದೆ. ತಿಥಿಗೆ ಮೂವರೂ ಮದ್ದೂರಿಗೆ ಹೋದೆವು. ಮಗಳು ಬಂದ ಹೆಂಗಸರಿಗೆಲ್ಲ ಎಲೆ ಹಾಕಿದಳು, ನೀರು ಕೊಟ್ಟಳು, ಅವರ ಮಾತಿನಲ್ಲೇ ಮಾತಾಡಿಸಿದಳು. ನನ್ನ ಗಂಡನ ಸೋದರತ್ತೆ ನನ್ನ ಗಲ್ಲ ಹಿಡಿದು, "ಮದ್ರಾಸಲ್ ಬೆಳೆದ್ರೂ ಎಂಗ್ ಮಾತಾಡ್ತದೆ ನೋಡು ಮಗು! ತಾಯಿ ಅಂದ್ರೆ ನಿನ್ನಂಗಿರ್ಬೇಕು ಕಣವ್ವ, ಭಾಷೆ ಬಿಡ್ಸಿಲ್ಲ ನೀನು" ಅಂದರು. ಸುತ್ತ ಇದ್ದವರು ಹೌದೌದು ಅಂದರು. ಮಗಳು ಪಾಯಸದ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನಾನು ತಲೆ ತಗ್ಗಿಸಿ ಎಲೆಯನ್ನು ನೋಡಿದೆ.

ವಾಪಸ್ ಬರುವಾಗ ಹಗಲಿನ ರೈಲು. ಜೋಲಾರಪೇಟೆ ದಾಟಿತ್ತು. ನನ್ನ ಗಂಡ ಮೇಲಿನ ಬರ್ತ್‌ನಲ್ಲಿ ನಿದ್ದೆ ಹೋಗಿದ್ದರು. ಮಗಳು ನನ್ನ ಎದುರಿಗೆ ಕಿಟಕಿಯ ಪಕ್ಕ ಕೂತಿದ್ದಳು. ಹದಿನೈದು ತುಂಬಿದ ಹುಡುಗಿ, ಮುಖದಲ್ಲಿ ಅಜ್ಜಿಯ ಗಲ್ಲ. ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಗಣಿತದಲ್ಲಿ ತಿಳಿಯದ ಒಂದು ಹಂತವನ್ನು ಕೇಳುವ ಹಾಗೆ ಕೇಳಿದಳು.

"ಅಮ್ಮ, ಅವತ್ತು ಪೆಟ್ಟಿಗೆಯನ್ನು ಹಾಲ್‌ನಲ್ಲಿ ಇಟ್ಟಿದ್ದರೆ, ನಾನು ಯಾವ ಭಾಷೆಯಲ್ಲಿ ಹೇಳಿದ್ದರೂ ಅಜ್ಜಿಗೆ ಮರಿಗಳು ಕಾಣುತ್ತಿದ್ದವು, ಅಲ್ಲವಾ?"

ಹೌದು ಅನ್ನಲು ಒಂದೇ ಒಂದು ಉಸಿರು ಸಾಕಿತ್ತು. ಕಾಫಿ ಮಾರುವವನು ಬಂದ. ನಾನು ಅವನನ್ನು ನಿಲ್ಲಿಸಿ "ನಿನಗೂ ಬೇಕಾ?" ಅಂತ ಅವಳನ್ನು ಕೇಳಿದೆ.

"ಬೇಡ ಅಮ್ಮ" ಅಂದಳು.